ಬೆನ್ನು ಮಾಡಿ ಕೂತವಳಿಗೆ

ಬನಹಟ್ಟಿ
೨೧ ನವೆಂಬರ್ ೨೦೨೪

ಮುದ್ದಿನ ಸಂಧ್ಯಾಗೆ,

ನಿನ್ನ ಅವ್ವ ತಾರವ್ವನ ಆಶೀರ್ವಾದ. ನಾನೂ ನಿನ್ನ ಅಪ್ಪನೂ ಆರಾಮ ಇದ್ದೇವೆ. ನೀನು ಹೇಗಿದ್ದೀ ಎಂದು ಕೇಳೋಣವೆಂದರೆ ನಿನ್ನ ಫೋನ್ ಹತ್ತದೆ ಮೂರು ವರ್ಷವಾಯಿತು. ಸಿನಿಮಾದಲ್ಲಿ ಮುಖ ತೋರಿಸುತ್ತೇನೆಂದು ಊರು ಬಿಟ್ಟವಳಿಗೆ ಅವ್ವನಿಗಾದರೂ ಹೊಸ ನಂಬರ್ ಕೊಡಬೇಕೆಂಬ ಬುದ್ಧಿ ಬೇಡವೇ? ಇರಲಿ, ಬೈಯಲು ಕೂತರೆ ಕಾಗದ ಸಾಲುವುದಿಲ್ಲ.

ಮೊನ್ನೆ ಮಗ್ಗದ ಮಾಲೀಕರ ಮನೆಯಲ್ಲಿ ಮದುವೆ, ನಮಗೆಲ್ಲ ರಜೆ. ಪಕ್ಕದ ಮನೆಯ ಸಾವಿತ್ರೆವ್ವ ಬೆಳಿಗ್ಗೆಯೇ ಬಂದು ಗಂಟುಬಿದ್ದಳು. ಜಮಖಂಡಿಗೆ ದೆವ್ವದ ಸಿನಿಮಾ ಬಂದಿದೆಯಂತೆ, ಒಂದೇ ಟಿಕೆಟಿಗೆ ನಾಲ್ಕು ಕಥೆಯಂತೆ, ನಾಲ್ಕರಲ್ಲೂ ಒಬ್ಬಳೇ ಹೀರೋಯಿನ್ ಅಂತೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ದೆವ್ವ ನೋಡುವುದೇ ಛಲೋ ಎಂದು ನಾನೂ ಸೀರೆ ಬದಲಿಸಿ ಬಸ್ಸು ಹತ್ತಿದೆ.

ಮೊದಲ ಕಥೆಯಲ್ಲಿ ಆಕೆ ಬಾವಿಗೆ ಬೀಳುವ ಮದುಮಗಳು. ಆಮೇಲೆ ಆಸ್ಪತ್ರೆಯ ನರ್ಸು. ಮೂರನೆಯದರಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ಮುದುಕಿಯಾಗಿದ್ದಳು. “ಒಬ್ಬಾಕಿಗೇ ಎಷ್ಟ ದೆವ್ವ ಬಡಿತಾವ ನೋಡಬೇ, ಪಾಪ,” ಎಂದು ಸಾವಿತ್ರೆವ್ವ ಶೇಂಗಾ ತಿನ್ನುತ್ತಲೇ ಮರುಗಿದಳು. ನನಗೇನೂ ಹೆದರಿಕೆಯಾಗಲಿಲ್ಲ. ಸಂಜೆ ಮಗ್ಗದ ಸದ್ದು ನಿಂತ ಮೇಲೆ ನಮ್ಮ ಮನೆ ಎಷ್ಟು ಸುಮ್ಮನಾಗುತ್ತದೆ ಎಂಬುದನ್ನು ಆ ಸಿನಿಮಾದವರು ಕಂಡಿಲ್ಲ.

ನಾಲ್ಕನೆಯದು ಅವಳಿ ಅಕ್ಕತಂಗಿಯರ ಕಥೆ. ಇಬ್ಬರೂ ಅದೇ ನಟಿಯೇ. ಸತ್ತುಹೋದ ತಂಗಿ ದಿನಾ ಸಂಜೆ ಬಂದು ಅಕ್ಕನ ಎದುರಿಗೆ, ನಮ್ಮ ಕಡೆ ಬೆನ್ನು ಮಾಡಿ ಕೂಡುತ್ತಾಳೆ. ಒಂದು ಸಲ ಆಕೆ ದೀಪ ಹಚ್ಚಲು ಬಗ್ಗಬೇಕು. ಬಗ್ಗುವ ಮೊದಲು ಎಡಗೈ ಹಿಂದೆ ಒಯ್ದು, ಜಡೆಯನ್ನು ಸುತ್ತಿ, ಸೊಂಟಕ್ಕೆ ಸಿಗಿಸಿಕೊಂಡಳು.

ದೀಪ ಹಚ್ಚುವವರು ಯಾರಾದರೂ ಜಡೆ ಸಿಗಿಸುತ್ತಾರೇನು? ಮಗ್ಗದ ತಿರುಗುವ ಪಟ್ಟಾಕ್ಕೆ ಕೂದಲು ಸಿಕ್ಕಿಬಿದ್ದೀತೆಂದು ನಾವು ಸಿಗಿಸುತ್ತೇವೆ. ನೀನು ಮಗ್ಗಕ್ಕೆ ಬರತೊಡಗಿದಾಗ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದೆ. ಆಮೇಲೆ ಕಸ ಗುಡಿಸುವಾಗಲೂ, ರೊಟ್ಟಿ ಬಡಿಯುವಾಗಲೂ ನಿನ್ನ ಕೈ ತಾನಾಗಿಯೇ ಹಿಂದೆ ಹೋಗುತ್ತಿತ್ತು. ಎಣ್ಣೆ ಹಚ್ಚಿ ಎರೆದ ಬೆನ್ನು ನನಗೆ ಗುರುತು ಹತ್ತದೆ ಇರುತ್ತದೆಯೇ?

ಅಷ್ಟರಲ್ಲಿ ಅಕ್ಕ ಎದ್ದು, ತಂಗಿಯ ಹಿಂದೆ ಬಂದು, ಹೆಸರು ಹಿಡಿದು ಕರೆದಳು. ಆ ಬೆನ್ನು ನಿಧಾನವಾಗಿ ತಿರುಗತೊಡಗಿತು. ಟಾಕೀಸಿನವರೆಲ್ಲ ಮುಖ ಮುಚ್ಚಿಕೊಂಡರೆ ನಾನು ಎದ್ದು ನಿಂತಿದ್ದೆ. ತಿರುಗಿದರೆ ಮುಖ ಆ ನಟಿಯದು. ನಾನು ಚೀರಿಬಿಟ್ಟೆ. “ಆಯಿ ಅಂಜಿದಳ ಲೇ,” ಎಂದು ಮುಂದಿನ ಸಾಲಿನ ಹುಡುಗರು ನಕ್ಕರು.

ಆಟ ಮುಗಿದ ಮೇಲೆ ಗೇಟಿನಲ್ಲಿ ನಿಲ್ಲುವ ತುಕಾರಾಮನನ್ನು ಆ ಬೆನ್ನು ಯಾರದೆಂದು ಕೇಳಿದೆ. “ಒಬ್ಬಾಕಿನ ಎರಡ ಪಾರ್ಟ ಮಾಡಿದ್ರ, ಬೆನ್ನ ತೋರ್ಸಾಕ ಬ್ಯಾರೆ ಹುಡುಗೀನ ಕುಂದರಸ್ತಾರ್ರೀ. ಆಕಿ ಹೆಸರ ಹಾಕಂಗಿಲ್ಲ,” ಅಂದ. ಸಿನಿಮಾ ಮಾಡಿದವರ ಆಫೀಸಿನ ವಿಳಾಸವನ್ನೂ ಅವನೇ ಹುಡುಕಿ ಬರೆದುಕೊಟ್ಟ. ಸಾವಿತ್ರೆವ್ವನನ್ನು ಬಸ್ಸು ಹತ್ತಿಸಿ ನಾನು ಮುಂದಿನ ಆಟಕ್ಕೂ ಕೂತೆ. ಈ ಸಲ ಬೆನ್ನು ತಿರುಗುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡೆ.

ಊಟಕ್ಕೆ ಕೂತಾಗ ನಿನ್ನ ಅಪ್ಪನಿಗೆ ಹೇಳಿದೆ. ನೀನು ಹೊರಟ ದಿನ “ಹೋದ್ರ ಹೊಳ್ಳಿ ನೋಡಬ್ಯಾಡ” ಅಂದವರು ಅವರೇ. ಅಂದಿನಿಂದ ನಿನ್ನ ಹೆಸರೆತ್ತಿದರೆ ತಾಟು ಬಿಟ್ಟು ಏಳುತ್ತಿದ್ದರು. ಈ ಸಲ ಏಳಲಿಲ್ಲ. ತಾಟಿನಲ್ಲಿದ್ದ ರೊಟ್ಟಿ ಮುರಿದರು. ಆಮೇಲೆ, “ಜಡಿ ಬಿಗಿಯಾಗಿ ಸಿಗಿಸಿದ್ಳೇನು?” ಎಂದು ಕೇಳಿದರು. ಹೌದು ಅಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಅದಕ್ಕೇ ಬರೆಯುತ್ತಿದ್ದೇನೆ, ಮಗಳೇ. ಅಪ್ಪನ ಆ ಮಾತು ಇನ್ನಿಲ್ಲ. ಹೊಳ್ಳಿ ನೋಡು, ಒಮ್ಮೆ ಹಿಂತಿರುಗಿ ನೋಡು. ನನಗೆ ನಿನ್ನದೇ ಮುಖ ನೋಡಬೇಕಾಗಿದೆ. ನನ್ನ ನಂಬರ್ ಹಳೆಯದೇ ಇದೆ, ನಿನಗೆ ಗೊತ್ತಿರುವುದು ಅದೊಂದೇ ಎಂದು ಬದಲಿಸಿಲ್ಲ. ಮಗ್ಗದ ಸದ್ದಿನಲ್ಲಿ ನನಗೆ ಫೋನ್ ಕೇಳದಿದ್ದರೆ ಸಿಟ್ಟಾಗಬೇಡ, ಮತ್ತೊಮ್ಮೆ ಹಚ್ಚು.

ನಿನ್ನ ದಾರಿ ಕಾಯುವ ಅವ್ವ,
ತಾರವ್ವ

ತಾ.ಕ.: ಈ ಕಾಗದ ಒಡೆದು ಓದುವ ಆಫೀಸಿನವರಿಗೆ. ಮೇಲೆ ಗುರುತು ಹತ್ತಿತೆಂದು ಜೋರಾಗಿ ಬರೆದಿದ್ದೇನೆ. ಆದರೆ ರಬಕವಿ-ಬನಹಟ್ಟಿಯ ಮಗ್ಗದ ಹುಡುಗಿಯರೆಲ್ಲ ಜಡೆಯನ್ನು ಹಾಗೆಯೇ ಸಿಗಿಸುತ್ತಾರೆ. ಎರಡನೆಯ ಆಟದಲ್ಲಿ ಆಕೆಯ ಕುತ್ತಿಗೆಯ ಹಿಂದೆ ಒಂದು ಮಚ್ಚೆ ಕಂಡೆ. ಸಂಧ್ಯಾಗೆ ಅಲ್ಲಿ ಮಚ್ಚೆ ಇರಲಿಲ್ಲ. ಬಣ್ಣ ಹಚ್ಚುವವರು ಇಟ್ಟದ್ದೂ ಆಗಿರಬಹುದು. ಇದನ್ನು ಅವಳ ಅಪ್ಪನಿಗೆ ಹೇಳಿಲ್ಲ. ಆಕೆ ಸಂಧ್ಯಾ ಅಲ್ಲದಿದ್ದರೆ ದಯವಿಟ್ಟು ಕಾಗದ ವಾಪಸ್ ಕಳಿಸಬೇಡಿ, ಇಲ್ಲಿ ಅದು ಅವಳ ಅಪ್ಪನ ಕೈಗೇ ಸಿಗುತ್ತದೆ. ಆ ಹುಡುಗಿಗೇ ಕೊಟ್ಟುಬಿಡಿ. ಅವಳಿಗೆ ಜಡೆ ಸಿಗಿಸಲು ಕಲಿಸಿದಾಕೆ ನಮ್ಮ ಓಣಿಗಳಲ್ಲೇ ಎಲ್ಲೋ ಇದ್ದಾಳೆ. ಒಮ್ಮೆ ಅವ್ವನಿಗೆ ಫೋನ್ ಹಚ್ಚು ಎಂದು ಹೇಳಿ.