ಮಿಷನ್ನಿಗೆ ಹೊದಿಸಿದ ಕಂಬಳಿ

ಜೂನ್ ೧೧, ಬುಧವಾರ

ಸೊಸೆ ಮುನಿಲಕ್ಷ್ಮಿ ತಾನೇ ಜೋಡಿಸಿದ ಮರ ಕೊರೆಯುವ ಮಿಷನ್ ಇವತ್ತೂ ಗೆರೆ ತಪ್ಪಿತು. ಓಮಲೂರಿನ ಮದುವೆ ಮಂಟಪದ ಹೆಸರುಹಲಗೆ ಶುಕ್ರವಾರಕ್ಕೆ ಕೊಡಬೇಕು. ಎರಡು ಹಲಗೆ ಆಗಲೇ ಹಾಳಾಗಿವೆ.

"ಇದೂ ಕೆಟ್ಟೋದ್ರೆ ಮಿಷನ್ ಸಾವಾಸನೇ ಬ್ಯಾಡ ಅತ್ತೆ" ಅಂದಳು.

ಮೋಟಾರು ನಡೆಸುವ ಡ್ರೈವರ್ ಪೆಟ್ಟಿಗೆ ಮುಟ್ಟಿದೆ, ದೋಸೆ ಹಂಚಿನಂತೆ ಸುಟ್ಟಿತು. ಅದು ಕಾದರೆ ಮೋಟಾರು ಹೆಜ್ಜೆ ತಪ್ಪುತ್ತದಂತೆ. ಅದಕ್ಕೆ ಕಂಬಳಿ ಹೊದಿಸಿದವಳು ನಾನೇ. ಮನೆಗೆ ಹೊಸದೇನು ಬಂದರೂ ನಮ್ಮಲ್ಲಿ ಮೊದಲು ಕಂಬಳಿ. ಧೂಳೂ ತಾಕಬಾರದು, ದೃಷ್ಟಿಯೂ ತಾಕಬಾರದು. ಕೆಲಸ ಮಾಡುವಾಗಲೂ ತೆಗೆಯಬೇಡ ಎಂದಿದ್ದೆ. ಅವಳು ತೆಗೆಯಲಿಲ್ಲ. ಅಷ್ಟು ಹೆದರಿಸಿದ್ದೇನೆಯೇ ಅವಳನ್ನು?

ಸಂಜೆ ಕಂಬಳಿ ಎಳೆದುಹಾಕಿ, ನನ್ನ ಮಂಚದ ಬಳಿಯ ಫ್ಯಾನ್ ತಂದು ಪೆಟ್ಟಿಗೆಯ ಮುಂದಿಟ್ಟೆ.

"ಅದ್ಕೂ ಸೆಕೆ ಆಯ್ತದೆ. ಹಾಕಮ್ಮಿ."

"ಮೂರು ವಾರದಿಂದ ನಂಗೂ ಅಂಗೇ ಅನ್ನಿಸ್ತಿತ್ತು" ಅಂತ ನಕ್ಕಳು. ಪೆಟ್ಟಿಗೆಯಿಂದ ಮೋಟಾರಿಗೆ ಹೋಗುವ ಕರೆಂಟನ್ನೂ ಒಂದಿಷ್ಟು ತಗ್ಗಿಸಿದಳು. ಮೊದಲ ಅಕ್ಷರ ನೆಟ್ಟಗೆ ಬಂತು. ಎರಡನೆಯದೂ.

ತಪ್ಪಾಯಿತು ಎನ್ನಲಿಲ್ಲ, ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಿಷನ್ ಇನ್ನೂ ಕೊರೆಯುತ್ತಿದೆ, ಎಲ್ಲೂ ತಡವರಿಸದ ಸದ್ದು. ಫ್ಯಾನಿಲ್ಲದೆ ನನಗೆ ಬೆವರು. ಇರಲಿ, ಹೀಗೇ ಕೇಳುತ್ತಾ ಮಲಗಿದರೆ ನಿದ್ದೆ ಬರುತ್ತದೆ.