ಕುರ್ಚಿಯಲ್ಲಿ ಕೂರಿಸಿದ ಅಪಘಾತ

ಗಣಿ ಕಂಪನಿಯ ಸುರಕ್ಷತೆ ಮತ್ತು ಸುಸ್ಥಿರ ಅಭಿವೃದ್ಧಿ ವಿಭಾಗದ ಮುಖ್ಯಸ್ಥರೇ,

ಕಾಲು ಮುರಿದ ಮನುಷ್ಯನೊಬ್ಬನನ್ನು ಹತ್ತೊಂಬತ್ತು ದಿನಗಳಿಂದ ಪ್ರತಿ ಬೆಳಿಗ್ಗೆ ನಿಮ್ಮ ಜೀಪು ಹೊತ್ತೊಯ್ಯುತ್ತಿದೆ. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ. ನಿಮ್ಮ ಕಚೇರಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ಆತ ಕಲ್ಲೇಶ, ಯಾದಗಿರಿ ಕಡೆಯವನು. ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹೆಂಡತಿ ಸುಗಲಮ್ಮನೊಂದಿಗೆ ಬಾಡಿಗೆಗಿದ್ದಾನೆ. ನಗರದ ಹೊರಗಿನ ನಿಮ್ಮ ಕಲ್ಲುಗಣಿಯಲ್ಲಿ ಬಂಡೆ ಜಾರಿ ಅವನ ಎಡಗಾಲು ಎರಡು ಕಡೆ ಮುರಿಯಿತು. ಆರು ವಾರ ಕಾಲು ಎತ್ತಿಟ್ಟು ಮಲಗಿರಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಮೂರನೆಯ ದಿನವೇ ಜೀಪು ಬಂತು.

"ನೋಡ್ರಿ ಸರ, ಗಾಡಿ ಕಳಸ್ಯಾರ! ನಮ್ಮಂಥೋರಿಗೆ ಯಾರ ಕಳಸ್ತಾರ್ರಿ?" ಎಂದು ಸುಗಲಮ್ಮ ಹಿಗ್ಗಿದಳು. ಇಬ್ಬರು ಎತ್ತಿ ಕೂರಿಸುವಾಗ ಕಲ್ಲೇಶನೂ ನಕ್ಕ: "ಮದುವ್ಯಾಗೂ ಇಷ್ಟು ಮರ್ಯಾದಿ ಸಿಕ್ಕಿದ್ದಿಲ್ರಿ."

ಅಲ್ಲಿ ಏನು ಕೆಲಸ ಎಂದು ಸಂಜೆ ಕೇಳಿದೆ.

"ಹೆಲ್ಮೆಟ್ ಹಾಕ್ಕೊಂಡು ಕುರ್ಚಿ ಮ್ಯಾಲ ಕುಂದ್ರೂದ್ರಿ. ಹಾಜರಿ ಕರದ್ರ ಕೈ ಎತ್ತೂದು. ಕೈ ಗಟ್ಟಿ ಅದಾವಲ್ರಿ!"

ಕುರ್ಚಿ ಯಾಕೆಂದು ಆಮೇಲೆ ನಿಮ್ಮ ಮೇಸ್ತ್ರಿಯೇ ತಿಳಿಸಿದ. ಗಾಯಗೊಂಡವನು ಎರಡು ದಿನಕ್ಕಿಂತ ಹೆಚ್ಚು ಪಾಳಿಗೆ ಬಾರದಿದ್ದರೆ ನಿಮ್ಮ ಲೆಕ್ಕದಲ್ಲಿ ಅದು ಅಪಘಾತ. ಬಂದು ಕೂತರೆ ಅಲ್ಲ. ಗೇಟಿನ ಫಲಕದಲ್ಲಿ ಅಪಘಾತವಿಲ್ಲದ ದಿನಗಳು ಎಂಟುನೂರು ದಾಟಿವೆ, ಸಾವಿರವಾದರೆ ಪ್ರಶಸ್ತಿಯಂತೆ. ಬಂಡೆ ಜಾರದಂತೆ ತಡೆ ಕಟ್ಟುವುದಕ್ಕಿಂತ ಕುರ್ಚಿ ಹಾಕುವುದು ಎಷ್ಟು ಸುಲಭ! ಗಣಿಯ ಅಂಚಿನಲ್ಲಿ ನೀವು ಬೇವಿನ ಸಸಿ ನೆಟ್ಟಿದ್ದೀರಿ. ಒಣಗಿದ ಸಸಿಯನ್ನು ಒಣಗಿದೆ ಎಂದೇ ಬರೆದಿಡುತ್ತೀರಂತೆ. ಮುರಿದ ಕಾಲಿಗೆ ಆ ಪ್ರಾಮಾಣಿಕತೆ ಏಕೆ ಸಲ್ಲುವುದಿಲ್ಲ?

ನಿಮ್ಮನ್ನಷ್ಟೇ ದೂರಿದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಜೀಪು ಬಂದ ಮೊದಲ ದಿನ ನಿಮ್ಮವರು ಕೊಟ್ಟ ತೆಲುಗು ಕಾಗದವನ್ನು ಕಲ್ಲೇಶ ನನ್ನ ಕೈಗಿಟ್ಟ. ನಾನು ಅನುವಾದದ ಕಾದಂಬರಿಗಳನ್ನು ಓದುವವನು. ಒಂದು ಸಾಲು ಬಿಟ್ಟುಹೋದರೂ ಸಿಟ್ಟಾಗುವವನು. ಯಾವುದನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ: ಹಗುರ ಕೆಲಸ, ಕಂಪನಿಯ ವಾಹನ, ಸ್ವಂತ ಒಪ್ಪಿಗೆ. "ಹೆಬ್ಬಟ್ಟು ಒತ್ತಲೇನ್ರಿ ಸರ?" ಎಂದ. "ಒತ್ತು" ಎಂದೆ. ಡಾಕ್ಟರ ಚೀಟಿ ಅವನ ಜೇಬಿನಲ್ಲೇ ಇತ್ತು. ಅದನ್ನೂ ಕೇಳಿ ಓದಬೇಕೆಂದು ನನಗೆ ಹೊಳೆಯಲಿಲ್ಲ.

ನಿನ್ನೆ ಪಟ್ಟಿ ಬಿಚ್ಚಿದಾಗ ಪಾದ ನೀಲಿಗಟ್ಟಿತ್ತು. ಮೂಳೆ ಸರಿದಿದೆ, ಇನ್ನೂ ಹೀಗೇ ಕೂತರೆ ಆ ಕಾಲಿನ ಆಸೆ ಬಿಡಿ ಎಂದರು ಡಾಕ್ಟರು. ಇಂದು ಬೆಳಿಗ್ಗೆ ಸುಗಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ಗಾಡಿ ನಿಮಗ ಇರ್ಲಿ. ನನ್ನ ಗಂಡನ ಕಾಲು ನನಗ ಬೇಕು." ಬರದಿದ್ದರೆ ಹೆಸರು ತೆಗೆಯುತ್ತಾರೆ ಎಂದ ಡ್ರೈವರ್. ಕಲ್ಲೇಶ ಅವಳ ಭುಜ ಹಿಡಿದುಕೊಂಡೇ ಜೀಪು ಹತ್ತಿದ.

ಬಂಡೆ ಜಾರಿದ ದಿನಾಂಕದಲ್ಲೇ ಅಪಘಾತವೆಂದು ನಿಮ್ಮ ರಿಜಿಸ್ಟರಿನಲ್ಲಿ ಬರೆಸಿ. ಅವನ ಹೆಸರು ತೆಗೆಯದೆ ಅವನನ್ನು ಮಲಗಲು ಬಿಡಿ. ನಾಳೆ ಏಳು ಗಂಟೆಗೆ ಜೀಪು ಬರಕೂಡದು. ಬಂದರೆ, ಮೊದಲು ಬಾಗಿಲಲ್ಲಿ ಕೂತಿರುವ ನನ್ನನ್ನು ಎತ್ತಿ ಪಕ್ಕಕ್ಕಿಡಬೇಕಾಗುತ್ತದೆ.

ಇಂತಿ,
"ಒತ್ತು" ಎಂದು ಹೇಳಿದ
ಬಸವಲಿಂಗಪ್ಪ
ಕುಷಾಯಿಗೂಡ, ಹೈದರಾಬಾದ್