ಕರಡಿ ಇನ್ನೂ ಕೊಡೆ ಬಿಟ್ಟಿಲ್ಲ

ಜೂನ್ 9, ಸೋಮವಾರ

ಕಪಾಟು ಒರೆಸಿದೆ. ಹರಿದ ಪುಸ್ತಕಗಳಿಗೆ ಅಂಟು ಹಚ್ಚಿದೆ. ಒಂದನೇ ಕ್ಲಾಸಿನವರು ಬಂದು ಚಿತ್ರದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಹೋದರು — ಮತ್ತೆ ಜೋಡಿಸಿದೆ.

ನಮ್ಮ ಸ್ಕೂಲ್ ಲೈಬ್ರರಿಗೆ ವೆಬ್‌ಸೈಟ್ ಮಾಡುತ್ತಾರಂತೆ. ಮಾಡುವವಳು ಹೊಸ ಕಂಪ್ಯೂಟರ್ ಮಿಸ್. ನನ್ನ ಮಗಳ ವಯಸ್ಸು. ನನ್ನ ಕುರ್ಚಿಯಲ್ಲೇ ಕೂತು ಕೇಳಿದಳು, "ಅಮ್ಮಾ, ಚಿಕ್ಕ ಮಕ್ಕಳಿಗೆ ಎಂಥ ವೆಬ್‌ಸೈಟ್ ಇದ್ರೆ ಚೆನ್ನ?"

"ನಂಗೇನು ಗೊತ್ತು ಮಿಸ್. ನಾನು ಓದಿದ್ದು ಹಳ್ಳಿಯ ಏಳನೇ ಕ್ಲಾಸು."

ಹೇಳಲು ಏನೋ ಇತ್ತು. ಮನಸ್ಸು ಬರಲಿಲ್ಲ. ಹೋಗುವಾಗ ಕುರ್ಚಿಯನ್ನು ಇದ್ದಂತೆಯೇ ಒಳಗೆ ತಳ್ಳಿ ಹೋದಳು. ಬೈಯುವುದಕ್ಕೂ ಏನೂ ಉಳಿಸಲಿಲ್ಲ.

ಜೂನ್ 12

ವೆಬ್‌ಸೈಟ್ ತೋರಿಸಿದಳು. ಪುಸ್ತಕದ ರಟ್ಟಿನ ಚಿತ್ರಗಳು, ದೊಡ್ಡದಾಗಿ. ಅಕ್ಷರ ಬಾರದ ಮಗುವೂ ಆನೆಯನ್ನು ಒತ್ತಿದರಾಯಿತು, ಆನೆ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ತೋರಿಸುತ್ತದೆ. ಚೆನ್ನಾಗಿದೆ. ಬಾಯಿಬಿಟ್ಟು ಹೇಳಲಿಲ್ಲ. "ಆನೆ ಎಲ್ಲಿ ಅಮ್ಮಾ?" ಎಂದು ನನ್ನ ಕೈ ಜಗ್ಗುತ್ತಿದ್ದವರು ಇನ್ನು ಆ ಕಂಪ್ಯೂಟರನ್ನು ಕೇಳುತ್ತಾರೆ.

ದೇವರ ಮುಂದೆ ಕೂತೆ. ಕೈ ಮುಗಿದಿತ್ತು, ಮನಸ್ಸು ಅವಳ ಕಂಪ್ಯೂಟರಿನಲ್ಲಿತ್ತು. ಈ ಹೊಟ್ಟೆಕಿಚ್ಚು ಹಚ್ಚಿದವನು ನೀನಲ್ಲ, ಆರಿಸುವವನು ನೀನೇ ತಾನೆ?

ಜೂನ್ 16

ನನ್ನ ಕಥೆ ರೆಕಾರ್ಡ್ ಮಾಡಿದಳು, ವೆಬ್‌ಸೈಟಿಗೆ. ಮೊದಲು ಬಿಂಕ ಮಾಡಿದೆ. ಕರೆದಳಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಕೊಡೆ ಕದ್ದ ಕರಡಿಯ ಕಥೆ. ನಾನೇ ಕಟ್ಟಿದ್ದು. ಪ್ರತಿ ಶುಕ್ರವಾರ ಕೊನೆಯ ಪಿರಿಯಡ್ ನನ್ನದು — ಇಷ್ಟವಿದ್ದವರು ಕಥೆಗೆ, ಉಳಿದವರು ಆಟಕ್ಕೆ. ನಾನು ಯಾವತ್ತೂ ಒಂದೇ ಸಲಕ್ಕೆ ಮುಗಿಸುವವಳಲ್ಲ. ಗಾಳಿ ಬೀಸಿ, ಕೊಡೆ ಮೇಲೆದ್ದು, ಕರಡಿಯ ಕಾಲು ನೆಲ ಬಿಟ್ಟಿತು ಎನ್ನುವಾಗ ನಿಲ್ಲಿಸಿಬಿಡುತ್ತೇನೆ. ಮುಂದಿನ ವಾರವೂ ಆಟ ಬಿಟ್ಟು ಬರಲಿ ಎಂದು. ಇವತ್ತೂ ಅಲ್ಲಿಗೇ ನಿಲ್ಲಿಸಿದೆ.

"ಅರ್ಧ ಕಥೆ ಹಾಕಿದ್ರೆ ಚೆನ್ನಾಗಿರಲ್ಲ ಅಮ್ಮಾ. ಪೂರ್ತಿ ಹೇಳ್ಬಿಡಿ. ನಿಮ್ಮ ಥರ ಯಾರೂ ಹೇಳಲ್ಲ."

ಕರಗಿಬಿಟ್ಟೆ. ಕರಡಿಯನ್ನು ಇಳಿಸಿ ಮನೆಗೆ ಕಳಿಸಿಬಿಟ್ಟೆ.

ಜೂನ್ 20, ಶುಕ್ರವಾರ

ಚಾಪೆ ಹಾಸಿ ಕೂತೆ. ನಾಲ್ಕೈದು ಮಕ್ಕಳು. ನಮ್ಮ ಹಲ್ಲುದುರಿ ಹುಡುಗಿ, ಯಾವಾಗಲೂ ಮುಂದೆ ಕೂರುವವಳು, ಬಾಗಿಲಲ್ಲೇ ನಿಂತಳು. "ಕರಡಿ ಕಥೆನಾ? ಮನೇಲಿ ಕೇಳಾಯ್ತು. ಕಂಪ್ಯೂಟರಲ್ಲಿ ನೀವು ಚೆನ್ನಾಗಿ ಹೇಳ್ತೀರಾ ಅಮ್ಮಾ. ಮಧ್ಯೆ ಕೆಮ್ಮಲ್ಲ." ಓಡಿಯೇ ಹೋದಳು.

ಮನೆಯಲ್ಲಿ ಇವರ ಹತ್ತಿರ ಹೇಳಿಕೊಂಡೆ. ನಕ್ಕರು. "ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡ್ಬಹುದಿತ್ತು. ನಿಂಗೆ ನೀನೇ ಸವತಿ ಆದ್ಯಲ್ಲೇ."

ನನಗೆ ನಗು ಬರಲಿಲ್ಲ. ಆ ಪೆಟ್ಟಿಗೆಯೊಳಗಿನವಳಿಗೆ ಕೆಮ್ಮಿಲ್ಲ, ಮಂಡಿನೋವಿಲ್ಲ. ಎಷ್ಟು ಸಲ ಕೇಳಿದರೂ ಬೇಸರವಿಲ್ಲ... ನನ್ನದೇ ದನಿ, ಕೇಳಿದರೆ ಮೈ ಉರಿಯುತ್ತದೆ.

ಜೂನ್ 27

ಇಬ್ಬರು. ಒಬ್ಬಳು ನಿದ್ದೆ ಹೋದಳು.

ಹೆಡ್‌ಮೇಡಂ ಇಣುಕಿದರು. "ಮಕ್ಕಳು ಮನೇಲೇ ಕೇಳ್ತಾರಂತಲ್ಲ, ಒಳ್ಳೇದೇ ಆಯ್ತು. ಮುಂದಿನ ವಾರಾನೂ ಹೀಗೇ ಆದ್ರೆ ಈ ಪಿರಿಯಡ್ ಕಂಪ್ಯೂಟರಿಗೆ ಕೊಟ್ಬಿಡೋಣ. ನಿಮಗೂ ರೆಸ್ಟು."

ರೆಸ್ಟು ಯಾರಿಗೆ ಬೇಕಿತ್ತು. ವಾರವಿಡೀ ಧೂಳು ಕುಡಿಯುವುದೇ ಈ ಒಂದು ಪಿರಿಯಡ್‌ಗಾಗಿ.

ಜೂನ್ 30

ಬಿಗುಮಾನ ಬಿಟ್ಟು ಅವಳ ಹತ್ತಿರ ಹೋದೆ.

"ಮಿಸ್, ಅವತ್ತು ಕೇಳಿದ್ರಲ್ಲ, ಎಂಥದ್ದು ಚೆನ್ನ ಅಂತ. ಅದನ್ನ ನೋಡಿದ ಮಗು ಎದ್ದು ಇಲ್ಲಿಗೆ ಓಡಿ ಬರ್ಬೇಕು. ಅಂಥದ್ದು. ಎಲ್ಲಾ ಅಲ್ಲೇ ಸಿಕ್ಕಿದ್ರೆ ಯಾಕೆ ಬರ್ತಾರೆ? ನನ್ನ ಕಥೇನ ಅರ್ಧಕ್ಕೆ ಕತ್ತರಿಸಿ ಹಾಕಿ."

ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಕತ್ತರಿಸ್ಬಹುದು. ಆದ್ರೆ ಎಲ್ಲರಿಗೂ ಕೊನೆ ಗೊತ್ತಾಗಿದೆಯಲ್ಲ ಅಮ್ಮಾ."

ಅದೂ ನಿಜವೇ. "ಹಾಗಾದ್ರೆ ಕರಡೀನ ಇನ್ನೊಂದ್ಸಲ ಹಾರಿಸ್ತೀನಿ. ಆನ್ ಮಾಡಿ."

ಹೊಸದಾಗಿ ಹೇಳಿದೆ. ಈ ಸಲ ಮೋಡದವರೆಗೆ ಹೋಯಿತು, ಕೊಡೆಯ ಒಂದು ಕಡ್ಡಿ ಲಟಕ್ಕೆಂದಿತು. ನಿಲ್ಲಿಸಿದೆ. ಪೂರ್ತಿ ಹೇಳಿ ಅನ್ನಲಿಲ್ಲ. "ಆಮೇಲೆ?" ಅಂದಳು.

"ಶುಕ್ರವಾರ ಬನ್ನಿ. ಚಾಪೆ ಮೇಲೆ ಕೂರ್ಬೇಕು, ಕುರ್ಚಿ ಇಲ್ಲ."

ಜುಲೈ 4, ಶುಕ್ರವಾರ. ಕೊನೆಯ ಪಿರಿಯಡ್‌ಗೆ ಮುಂಚೆ

ಎರಡು ಚಾಪೆ ಹಾಸಿದ್ದೇನೆ. ಮೂರನೆಯದನ್ನು ಹಾಸುವ ಧೈರ್ಯವಿಲ್ಲ.

ಹಲ್ಲುದುರಿ ಬೆಳಗ್ಗೆಯೇ ಬಂದು ಜಗಳ ತೆಗೆದಳು. "ಅಮ್ಮಾ, ಕಂಪ್ಯೂಟರ್ ಕೆಟ್ಟಿದೆ. ಕರಡಿ ಮೇಲೇ ಉಳ್ಕೊಂಡಿದೆ."

ಮಿಸ್ಸಿಗೆ ಹೇಳು ಎಂದೆ.

"ಹೇಳ್ದೆ. ನಂಗೂ ಗೊತ್ತಿಲ್ಲ, ಅಮ್ಮನ್ನೇ ಕೇಳು ಅಂದ್ರು."

ಹಾಗೆಂದಳಂತೆ. ಹೊಟ್ಟೆಯ ಕಿಚ್ಚು ಅರ್ಧ ಆರಿತು. ಪೂರ್ತಿ ಆರಿತೆಂದರೆ ದೇವರ ಮುಂದೆ ಸುಳ್ಳಾಗುತ್ತದೆ.

ನಿಜವಾಗಿ ಕೊನೆ ಏನೆಂದು ನನಗೂ ಹೊಳೆದಿಲ್ಲ. ಕರಡಿಯನ್ನು ಎಲ್ಲಿಳಿಸಲಿ ತಂದೆ...

ಬೆಲ್ಲಾಯಿತು. ಆಟದ ಬಯಲಿನ ಕಡೆ ಗಲಾಟೆ — ಅಲ್ಲ, ಮೆಟ್ಟಿಲ ಮೇಲೆ. ಬಾಗಿಲಲ್ಲಿ ಶೂ ಬಿಚ್ಚುವ ಸದ್ದು, ತಳ್ಳಾಟ. "ಸರೀರೋ, ಮಿಸ್ಸಿಗೆ ಜಾಗ ಬಿಡ್ರೋ." ಮೂರನೇ ಚಾಪೆ ಎಲ್ಲಿಟ್ಟೆ —